ನಿರುದ್ಯೋಗ ಭತ್ಯೆ, ಬಡತನ ಮತ್ತು ಆರೋಗ್ಯ: ವಿಟ್ಲ ಸೀಮೆಯನ್ನು ಕುರಿತು ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ತುಳುನಾಡಿನ ಜನರ ಎಣಿಕೆಯಲ್ಲಿ ಆಟಿ ಎಂಬುದು ಕಷ್ಟದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ಮಾಸದಲ್ಲಿ ಹಿಂದಿನ ಕಾಲದ ಕೂಲಿಕಾರನ ಮನೆಗೆ ಮೂರು ಸಂಕಟಗಳು ಒಟ್ಟಿಗೆ ಬರುತ್ತಿದ್ದವು. ಏಣೆಲಿನ ನಾಟಿ ಮುಗಿದು ಗದ್ದೆಯಲ್ಲಿ ಕೆಲಸವಿರುತ್ತಿರಲಿಲ್ಲ. ಹಿಂದಿನ ಬೆಳೆಯ ಅಕ್ಕಿ ತೀರಿ ಮುಡಿ ಬರಿದಾಗಿರುತ್ತಿತ್ತು. ಎಡೆಬಿಡದ ಮಳೆಯಿಂದ ಜ್ವರ ಭೇದಿಗಳು ಹರಡಿರುತ್ತಿದ್ದವು. ಆ ದಿನಗಳಲ್ಲಿ ಕೆಸುವಿನ ಎಲೆ, ತಜಂಕಿನ ಚಿಗುರು, ಕಣಿಲೆ, ಕೂಡಿಟ್ಟ ಹಲಸಿನ ಬೀಜ ಇವೇ ಆಹಾರವಾಗಿದ್ದವು. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯವನ್ನು ಕುಡಿಯುವ ಪದ್ಧತಿ ಇಂದಿಗೂ ಉಳಿದಿದೆ. ನಲಿಕೆಯವರು ಆಟಿ ಕಳೆಂಜನ ವೇಷ ಕಟ್ಟಿ ಮನೆಮನೆಗೆ ಬಂದು ಊರಿನ ಮಾರಿಯನ್ನು ಕಳೆಯುತ್ತಾರೆ ಎಂಬುದು ನಂಬಿಕೆ. ಅದಕ್ಕೆ ಪ್ರತಿಯಾಗಿ ಮನೆಯವರು ಅಕ್ಕಿ, ಉಪ್ಪು, ಅರಸಿನ ಮೊದಲಾದುವನ್ನು ಕೊಡುತ್ತಾರೆ.

ಈ ಆಚರಣೆಯ ಧಾರ್ಮಿಕ ಅರ್ಥವು ಇಲ್ಲಿ ನಮ್ಮ ವಿಷಯವಲ್ಲ. ಆದರೆ ಕೆಲಸವಿಲ್ಲದಿರುವುದು, ಹಸಿದಿರುವುದು ಮತ್ತು ಕಾಯಿಲೆ ಬೀಳುವುದು ಒಂದೇ ಸಂಕಟದ ಮೂರು ಮುಖಗಳೆಂಬುದನ್ನು ಈ ಸೀಮೆಯ ಜನ ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ. ಕೆಲಸವಿಲ್ಲದ ದಿನಗಳಿಗೆ ರಾಜ್ಯವು ಕೊಡುವ ಭತ್ಯೆಯು ಬಡತನವನ್ನೂ ಅನಾರೋಗ್ಯವನ್ನೂ ಎಷ್ಟರ ಮಟ್ಟಿಗೆ ತಡೆಯಬಲ್ಲುದು, ಯಾವ ನಿಬಂಧನೆಗಳ ಮೇಲೆ ತಡೆಯಬಲ್ಲುದು ಎಂಬುದನ್ನು ಬಂಟ್ವಾಳ ತಾಲೂಕಿನ ವಿಟ್ಲ ಮತ್ತು ಅದರ ಸುತ್ತಣ ಗ್ರಾಮಗಳನ್ನು ಎದುರಿಗಿರಿಸಿಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

೨. ಕೆಲಸ ಹೋಗುವ ಬಗೆ

ನಿರುದ್ಯೋಗವೆಂದೊಡನೆ ಪಠ್ಯಪುಸ್ತಕಗಳು ನಮ್ಮ ಮುಂದಿಡುವ ಚಿತ್ರವು ಕಾರ್ಖಾನೆಯದು. ನಿನ್ನೆಯವರೆಗೆ ಕೆಲಸವಿದ್ದವನಿಗೆ ಇಂದು ಒಂದು ಕಾಗದ ಬರುತ್ತದೆ. ಅಂದಿನಿಂದ ಅವನು ನಿರುದ್ಯೋಗಿ. ದಿನಾಂಕವಿದೆ, ಮಾಲಿಕನಿದ್ದಾನೆ, ಕೊನೆಯ ಸಂಬಳದ ಲೆಕ್ಕವಿದೆ. ಜಗತ್ತಿನ ಬಹುಪಾಲು ನಿರುದ್ಯೋಗ ವಿಮೆಯ ಕಾಯಿದೆಗಳು ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ರಚಿತವಾಗಿವೆ.

ವಿಟ್ಲ ಸೀಮೆಯಲ್ಲಿ ಕೆಲಸವು ಹೀಗೆ ಹೋಗುವುದಿಲ್ಲ. ಇದು ಅಡಿಕೆಯ ನಾಡು. ೧೯೫೬ರಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಲು ವಿಟ್ಲವನ್ನೇ ಆರಿಸಿದ್ದು ಕಾರಣವಿಲ್ಲದೆ ಅಲ್ಲ. ಮಳೆಗಾಲದ ಆರಂಭದಲ್ಲಿ ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣದ ಸಿಂಪಡಣೆ, ಕೆಲವು ವಾರಗಳ ಅನಂತರ ಎರಡನೆಯ ಸಿಂಪಡಣೆ, ಮಳೆ ಕಳೆದ ಮೇಲೆ ಕೊಯ್ಲು, ಒಣಗಿಸುವುದು, ಸುಲಿಯುವುದು: ಹೀಗೆ ತೋಟದ ಕೆಲಸವು ವರ್ಷದಲ್ಲಿ ತುಂಡು ತುಂಡಾಗಿ ಹಂಚಿಹೋಗಿದೆ. ಮರವೇರುವವನಿಗೆ ಸಿಂಪಡಣೆಯ ಕಾಲದಲ್ಲಿ ಬಿಡುವಿಲ್ಲ. ಆದರೆ ಸತತವಾಗಿ ಮಳೆ ಸುರಿದರೆ ಒಂದು ವಾರ ಕೂಲಿಯೂ ಇಲ್ಲ. ಅವನನ್ನು ಯಾರೂ ಕೆಲಸದಿಂದ ತೆಗೆದಿಲ್ಲ. ಆದರೂ ಅವನಿಗೆ ಕೆಲಸವಿಲ್ಲ.

ಇದಕ್ಕೆ ಜತೆಯಾಗಿ ನಿಂತದ್ದು ಬೀಡಿ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಂಗಸರು ಮನೆಯ ಜಗಲಿಯಲ್ಲಿ ಸೂಪನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ದೃಶ್ಯವು ಎಲ್ಲರಿಗೂ ಪರಿಚಿತ. ಎಲೆ ಮತ್ತು ಹೊಗೆಸೊಪ್ಪನ್ನು ‘ಬ್ರಾಂಚಿ’ನಿಂದ ತರುವುದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸುವುದು, ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಪಡೆಯುವುದು: ಇದು ಕ್ರಮ. ಮಳೆಗಾಲದಲ್ಲಿ ಗಂಡಸಿನ ಕೂಲಿ ನಿಂತಾಗ ಮನೆಯನ್ನು ಸಾಗಿಸಿದ್ದು ಈ ಮಜೂರಿಯೇ. ಒಂದರ್ಥದಲ್ಲಿ ಬೀಡಿಯು ಈ ಸೀಮೆಯ ಬಡವರು ತಾವೇ ಕಟ್ಟಿಕೊಂಡ ನಿರುದ್ಯೋಗ ವಿಮೆಯಾಗಿತ್ತು.

ಆ ವಿಮೆಯೂ ಈಗ ಕ್ಷೀಣಿಸುತ್ತಿದೆ. ಇಲ್ಲಿಯೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ವಾರದಲ್ಲಿ ಆರು ದಿನಕ್ಕೆ ಸಾಕಾಗುವಷ್ಟು ಎಲೆ ಕೊಡುತ್ತಿದ್ದಲ್ಲಿ ನಾಲ್ಕು ದಿನಕ್ಕೆ, ಮೂರು ದಿನಕ್ಕೆ ಸಾಕಾಗುವಷ್ಟು ಎಲೆಯನ್ನು ಕೊಡಲಾಗುತ್ತದೆ. ಕಾರ್ಮಿಕಳ ಹೆಸರು ಪುಸ್ತಕದಲ್ಲಿ ಉಳಿದಿರುತ್ತದೆ. ಸೂಪು ಮಾತ್ರ ಬರಿದಾಗಿರುತ್ತದೆ. ಇದನ್ನು ನಾವು ಅರೆನಿರುದ್ಯೋಗವೆಂದು ಕರೆಯೋಣ. ಪೂರ್ಣ ನಿರುದ್ಯೋಗವನ್ನು ಗುರುತಿಸುವಂತೆ ರಚಿತವಾದ ಕಾಯಿದೆಗೆ ಈ ಅರೆನಿರುದ್ಯೋಗವು ಕಾಣಿಸುವುದೇ ಇಲ್ಲವೆಂಬುದು ಈ ಲೇಖನದ ಮುಖ್ಯ ವಾದ.

೩. ಆದಾಯದ ಕೊರತೆ ಕಾಯಿಲೆಯಾಗುವ ಬಗೆ

ಸಂಪಾದನೆ ಅರ್ಧಕ್ಕೆ ಇಳಿದರೆ ಊಟ ಔಷಧಿಗಳೂ ಅರ್ಧಕ್ಕೆ ಇಳಿಯುತ್ತವೆಂದು ಮೇಲ್ನೋಟಕ್ಕೆ ತೋರುತ್ತದೆ. ವಸ್ತುಸ್ಥಿತಿಯು ಇದಕ್ಕಿಂತ ಕಠಿನವಾದುದು. ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಮನೆಯ ವಾರದ ಆದಾಯವು ೧೨೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸ್ವಸಹಾಯ ಸಂಘದ ಸಾಲದ ಕಂತು, ಮಕ್ಕಳ ಶಾಲೆಯ ಖರ್ಚು, ಇತರ ತಪ್ಪಿಸಲಾಗದ ಪಾವತಿಗಳು ಒಟ್ಟು ೪೦೦ ರೂಪಾಯಿ. ಉಳಿದ ೮೦೦ ರೂಪಾಯಿಯಲ್ಲಿ ಊಟ ಮತ್ತು ಔಷಧಿ ನಡೆಯಬೇಕು. ಈಗ ಕೆಲಸವು ಆರು ದಿನದಿಂದ ಮೂರು ದಿನಕ್ಕೆ ಇಳಿದು ಆದಾಯವು ೬೦೦ ರೂಪಾಯಿ ಆಯಿತು. ಕಂತು ಇಳಿಯುವುದಿಲ್ಲ, ಸಂಘದ ಸಭೆ ವಾರಕ್ಕೊಮ್ಮೆ ನಡೆದೇ ನಡೆಯುತ್ತದೆ. ಆದುದರಿಂದ ಊಟ ಔಷಧಿಗಳಿಗೆ ಉಳಿಯುವುದು ೨೦೦ ರೂಪಾಯಿ ಮಾತ್ರ. ಆದಾಯವು ಅರ್ಧಕ್ಕೆ ಇಳಿದರೆ ಆರೋಗ್ಯಕ್ಕೆ ಸಂಬಂಧಿಸಿದ ವೆಚ್ಚವು ಕಾಲು ಭಾಗಕ್ಕೆ ಇಳಿಯಿತು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಭತ್ಯೆಯ ಮಹತ್ವವು ತಿಳಿಯುತ್ತದೆ. ಆ ಮನೆಗೆ ಹಿಂದಿನ ಆದಾಯದ ಕಾಲು ಭಾಗ, ಎಂದರೆ ವಾರಕ್ಕೆ ೩೦೦ ರೂಪಾಯಿ ಭತ್ಯೆ ಬಂದಿತೆನ್ನೋಣ. ಆದಾಯವು ೬೦೦ರಿಂದ ೯೦೦ಕ್ಕೆ, ಎಂದರೆ ಒಂದೂವರೆ ಪಾಲಿಗೆ ಏರಿತು. ಆದರೆ ಊಟ ಔಷಧಿಗಳಿಗೆ ಉಳಿಯುವ ಹಣವು ೨೦೦ರಿಂದ ೫೦೦ಕ್ಕೆ, ಎಂದರೆ ಎರಡೂವರೆ ಪಾಲಿಗೆ ಏರಿತು. ಅಲ್ಪವೆಂದು ತೋರುವ ಭತ್ಯೆಯು ಆರೋಗ್ಯದ ಮೇಲೆ ಅದರ ಪ್ರಮಾಣಕ್ಕೆ ಮೀರಿದ ಪರಿಣಾಮವನ್ನು ಉಂಟುಮಾಡಬಲ್ಲುದೆಂಬುದಕ್ಕೆ ಇದೇ ಕಾರಣ.

ಈ ಕೊರತೆಯು ದೇಹವನ್ನು ತಲಪುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಆಹಾರದ ದಾರಿ. ಪಡಿತರದ ಅಕ್ಕಿ ಇರುವುದರಿಂದ ಇಂದು ಹಸಿವು ಹಿಂದಿನ ಆಟಿಯ ಹಸಿವಲ್ಲ. ಆದರೆ ಮೀನು, ಮೊಟ್ಟೆ, ಬೇಳೆ, ಹಾಲು ತಟ್ಟೆಯಿಂದ ಮರೆಯಾಗುತ್ತವೆ. ಎರಡನೆಯದು ಚಿಕಿತ್ಸೆಯ ದಾರಿ. ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವುದು, ಕೆಮ್ಮು ಬಹಳ ದಿನವಿದ್ದರೂ ‘ಮಳೆ ಬಿಡಲಿ’ ಎಂದು ಕಾಯುವುದು, ಇವು ಬಡತನವು ಕಾಯಿಲೆಯನ್ನು ಬೆಳೆಸುವ ಸಾಮಾನ್ಯ ರೀತಿಗಳು. ವಿಟ್ಲದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ೨೦೧೮ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡವರ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ನೆರವೂ ಇದೆ. ಆದರೆ ಮಂಗಳೂರಿನ ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು, ಜತೆಗೆ ಹೋದವರ ಕೂಲಿಯನ್ನು ಯಾವ ಯೋಜನೆಯೂ ಭರಿಸದು.

ಮೂರನೆಯದು ಮನಸ್ಸಿನ ದಾರಿ. ಸಾಲಗಾರನು ಬಾಗಿಲಿಗೆ ಬರುವನೆಂಬ ಭಯ, ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂಬ ಕೊರಗು, ಇವು ನಿದ್ರೆಯನ್ನು ಕೆಡಿಸಿ ಕೆಲವರನ್ನು ಮದ್ಯಕ್ಕೆ, ಕೆಲವರನ್ನು ಅದಕ್ಕಿಂತಲೂ ಕೆಟ್ಟ ಕೊನೆಗೆ ತಳ್ಳುತ್ತವೆ. ನಾಲ್ಕನೆಯ ದಾರಿಯನ್ನು ವಿದ್ವಾಂಸರು ಅಷ್ಟಾಗಿ ಗಮನಿಸುವುದಿಲ್ಲ; ನಮ್ಮ ಸೀಮೆಗೆ ಅದೇ ಬಹಳ ಮುಖ್ಯ. ಅದು ಅಪಾಯದ ಕೆಲಸವನ್ನು ಬೇಡವೆನ್ನಲಾಗದ ಸ್ಥಿತಿ. ಮಳೆಯಲ್ಲಿ ಅಡಿಕೆಯ ಮರವು ಪಾಚಿಗಟ್ಟಿ ಜಾರುತ್ತಿರುವುದನ್ನು ಕಂಡೂ ಏರುವವನು ಧೈರ್ಯಶಾಲಿಯೆಂದು ಏರುವುದಿಲ್ಲ. ಮನೆಯಲ್ಲಿ ದುಡ್ಡಿಲ್ಲವೆಂದು ಏರುತ್ತಾನೆ. ಬಿದ್ದರೆ ಬೆನ್ನುಮೂಳೆ ಮುರಿದು ಆಯುಷ್ಯವಿಡೀ ಹಾಸಿಗೆ. ಹೊಗೆಸೊಪ್ಪಿನ ಧೂಳಿನಿಂದ ಉಬ್ಬಸ ಹೆಚ್ಚಾಗುತ್ತಿದ್ದರೂ ಸೂಪನ್ನು ಕೆಳಗಿಡದ ಹೆಂಗಸಿನ ಮಾತೂ ಹೀಗೆಯೇ. ಒಂದು ವಾರದ ಭತ್ಯೆಯು ಇಂಥವರಿಗೆ ಕೊಡುವುದು ಬರಿಯ ಹಣವನ್ನಲ್ಲ. ‘ಇಂದು ಬೇಡ’ ಎನ್ನುವ ಶಕ್ತಿಯನ್ನು.

೪. ಹೊರನಾಡುಗಳ ಅನುಭವ

ಆರೋಗ್ಯಕ್ಕೂ ನಿರುದ್ಯೋಗಕ್ಕೂ ಇರುವ ನಂಟನ್ನು ಕಾಯಿದೆಯಲ್ಲಿ ಒಟ್ಟಿಗೆ ತಂದ ಪ್ರಸಿದ್ಧ ಪ್ರಯತ್ನವು ಇಂಗ್ಲೆಂಡಿನ ೧೯೧೧ರ ರಾಷ್ಟ್ರೀಯ ವಿಮಾ ಕಾಯಿದೆ. ಅದರ ಮೊದಲನೆಯ ಭಾಗವು ಕಾಯಿಲೆಯ ವಿಮೆಗೆ, ಎರಡನೆಯ ಭಾಗವು ನಿರುದ್ಯೋಗದ ವಿಮೆಗೆ ಸಂಬಂಧಿಸಿದ್ದವು. ಕಟ್ಟಡ, ಹಡಗು ನಿರ್ಮಾಣ ಮೊದಲಾದ ಕೆಲವೇ ಉದ್ಯೋಗಗಳವರಿಗೆ ವಾರಕ್ಕೆ ೭ ಷಿಲಿಂಗಿನಂತೆ ವರ್ಷದಲ್ಲಿ ೧೫ ವಾರಗಳವರೆಗೆ ಭತ್ಯೆ ದೊರೆಯುತ್ತಿತ್ತು. ಮುಂದೆ ೧೯೫೨ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ ೧೦೨ನೆಯ ಒಪ್ಪಂದದಲ್ಲಿ ಸಾಮಾಜಿಕ ಭದ್ರತೆಯ ಒಂಬತ್ತು ಶಾಖೆಗಳನ್ನು ಹೆಸರಿಸಿದಾಗ ವೈದ್ಯಕೀಯ ಆರೈಕೆ, ಕಾಯಿಲೆ, ನಿರುದ್ಯೋಗ ಇವು ಒಂದೇ ಪಟ್ಟಿಯಲ್ಲಿ ಸೇರಿದವು.

ಭತ್ಯೆಯು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಆಸ್ಟ್ರಿಯಾ ದೇಶದ ಮಾರಿಯೆಂತಾಲ್ ಎಂಬ ಹಳ್ಳಿಯ ಅಧ್ಯಯನವು ಇಂದಿಗೂ ಆದರ್ಶಪ್ರಾಯವಾದುದು. ೧೯೩೦ರ ಹೊತ್ತಿಗೆ ಅಲ್ಲಿಯ ಬಟ್ಟೆಯ ಕಾರ್ಖಾನೆ ಮುಚ್ಚಿ ಇಡೀ ಹಳ್ಳಿಯೇ ಕೆಲಸ ಕಳೆದುಕೊಂಡಿತು. ಮಾರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ತಮ್ಮ ವರದಿಯನ್ನು ೧೯೩೩ರಲ್ಲಿ ಪ್ರಕಟಿಸಿದರು. ಶಾಲೆಯ ಮಕ್ಕಳು ತರುವ ಬುತ್ತಿಯನ್ನು ಅವರು ಗಮನಿಸಿದರು. ಭತ್ಯೆ ಬಟವಾಡೆಯಾಗುವ ಹಿಂದಿನ ದಿನ ಸುಮಾರು ಅರ್ಧದಷ್ಟು ಮಕ್ಕಳ ಬಳಿ ಒಣ ರೊಟ್ಟಿ ಮಾತ್ರವಿತ್ತು, ಅಥವಾ ಏನೂ ಇರಲಿಲ್ಲ. ಬಟವಾಡೆಯ ಮರುದಿನ ಹೆಚ್ಚುಕಡಮೆ ಎಲ್ಲರ ಬುತ್ತಿಯೂ ತುಂಬಿತ್ತು. ಇಷ್ಟು ಸರಳವಾದ ಪ್ರಮಾಣವು ಬೇರೊಂದು ದೊರೆಯುವುದು ಕಷ್ಟ.

ಅವರು ಕುಟುಂಬಗಳನ್ನು ಎದೆಗುಂದದವು, ಒಗ್ಗಿಕೊಂಡವು, ಹತಾಶವಾದವು, ಜಡವಾದವು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಪ್ರತಿಯೊಬ್ಬ ವಯಸ್ಕನ ಲೆಕ್ಕದಲ್ಲಿ ಆ ಕುಟುಂಬಗಳ ಮಾಸಿಕ ಆದಾಯವು ಸರಾಸರಿ ಕ್ರಮವಾಗಿ ೩೪, ೩೦, ೨೫ ಮತ್ತು ೧೯ ಷಿಲಿಂಗುಗಳಾಗಿದ್ದವು. ನಾಲ್ಕೈದು ಷಿಲಿಂಗುಗಳ ಅಂತರವು ಮನುಷ್ಯನನ್ನು ಆಶೆಯಿಂದ ಹತಾಶೆಗೆ ದಾಟಿಸುತ್ತಿತ್ತು. ಆದರೆ ಅದೇ ಅಧ್ಯಯನವು ಭತ್ಯೆಯ ಮಿತಿಯನ್ನೂ ತೋರಿಸಿತು. ಬಿಡುವು ಬೇಕಾದಷ್ಟಿದ್ದರೂ ಗ್ರಂಥಾಲಯದ ಪುಸ್ತಕಗಳನ್ನು ಒಯ್ಯುವವರು ಕಡಮೆಯಾದರು. ಕೆಲಸವು ಕೂಲಿಯನ್ನಷ್ಟೇ ಅಲ್ಲ, ದಿನಕ್ಕೊಂದು ಕ್ರಮವನ್ನು, ನಾಲ್ಕು ಜನರ ಸಹವಾಸವನ್ನು, ಊರಿನಲ್ಲೊಂದು ಸ್ಥಾನವನ್ನು ಕೊಡುತ್ತದೆಂದು ಯಾಹೋಡಾ ಮುಂದೆ ವಿವರಿಸಿದರು. ಹಣವು ಇವುಗಳ ಬದಲಿಗೆ ನಿಲ್ಲಲಾರದು. ಬೀಡಿಯ ಜಗಲಿಯಲ್ಲಿ ನೆರೆಕರೆಯ ನಾಲ್ಕು ಹೆಂಗಸರು ಕೂಡಿ ಕುಳಿತು ಕಷ್ಟಸುಖ ಮಾತನಾಡುವುದನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಇತ್ತೀಚಿನ ಪ್ರಯೋಗಗಳಲ್ಲಿ ಫಿನ್‌ಲೆಂಡಿನದು ಗಮನಾರ್ಹ. ೨೦೧೭ ಮತ್ತು ೨೦೧೮ರಲ್ಲಿ ಅಲ್ಲಿ ೨೦೦೦ ನಿರುದ್ಯೋಗಿಗಳಿಗೆ ಯಾವ ನಿಬಂಧನೆಯೂ ಇಲ್ಲದೆ ತಿಂಗಳಿಗೆ ೫೬೦ ಯೂರೋ ಕೊಡಲಾಯಿತು. ಅವರು ಕೆಲಸಕ್ಕೆ ಸೇರುವುದರಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಅವರಲ್ಲಿ ಮಾನಸಿಕ ಕ್ಲೇಶವು ಇತರ ನಿರುದ್ಯೋಗಿಗಳಲ್ಲಿ ಇದ್ದುದಕ್ಕಿಂತ ಕಡಮೆಯಾಗಿ ಕಂಡುಬಂತು. ಭತ್ಯೆಯಿಂದ ಜನ ಸೋಮಾರಿಗಳಾಗುವರೆಂಬ ಆಕ್ಷೇಪಣೆಗೆ ಇದು ಒಂದು ಮಟ್ಟಿನ ಉತ್ತರ.

೫. ನಮ್ಮ ಕಾಯಿದೆಗಳು ವಿಟ್ಲಕ್ಕೆ ಕಾಣುವ ಬಗೆ

ಇನ್ನು ನಮ್ಮ ದೇಶದ ವ್ಯವಸ್ಥೆಯನ್ನು ಪರಾಮರ್ಶಿಸೋಣ. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಡಿ ೨೦೦೫ರಲ್ಲಿ ನಿರುದ್ಯೋಗ ಭತ್ಯೆಯ ಯೋಜನೆಯೊಂದು ಬಂತು. ಕಾರ್ಖಾನೆ ಮುಚ್ಚಿದ್ದರಿಂದಲೋ ಕೆಲಸದಿಂದ ತೆಗೆದುದರಿಂದಲೋ ಬರಿಗೈಯಾದವನಿಗೆ ವೇತನದ ಒಂದು ಭಾಗವನ್ನೂ, ಆ ಅವಧಿಯಲ್ಲಿ ಅವನ ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯವನ್ನೂ ಅದು ಕೊಟ್ಟಿತು. ಭತ್ಯೆಯನ್ನು ಚಿಕಿತ್ಸೆಯೊಂದಿಗೆ ಜೋಡಿಸಿದ್ದು ಇದರ ವಿಶೇಷ. ೨೦೧೮ರಲ್ಲಿ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯು ೯೦ ದಿನಗಳವರೆಗೆ ವೇತನದ ಶೇಕಡ ೨೫ನ್ನು ಕೊಡುತ್ತಿತ್ತು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಅದನ್ನು ಶೇಕಡ ೫೦ಕ್ಕೆ ಏರಿಸಲಾಯಿತು. ಯೋಜನೆಗಳು ಒಳ್ಳೆಯವು, ಆದರೆ ವಿಮೆಯ ಕಂತು ಕಟ್ಟುವ ಸಂಸ್ಥೆಯ ನೌಕರರಿಗೆ ಮಾತ್ರ ಅನ್ವಯಿಸತಕ್ಕವು. ತೋಟದಲ್ಲಿ ದಿನಗೂಲಿಗೆ ದುಡಿಯುವವನ ಪಾಲಿಗೆ ಅವು ದೂರದ ದೀಪ.

ಹಳ್ಳಿಯ ಕೂಲಿಕಾರನಿಗೆ ಹತ್ತಿರವಾದ ಕಾಯಿದೆ ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ. ಅದು ದಕ್ಷಿಣ ಕನ್ನಡಕ್ಕೆ ೨೦೦೮ರ ಏಪ್ರಿಲಿನಲ್ಲಿ ಅನ್ವಯವಾಯಿತು. ವರ್ಷಕ್ಕೆ ೧೦೦ ದಿನಗಳ ಕೆಲಸವನ್ನು ಅದು ಹಕ್ಕಾಗಿ ಕೊಟ್ಟಿತು. ಅರ್ಜಿ ಕೊಟ್ಟ ೧೫ ದಿನಗಳೊಳಗೆ ಕೆಲಸ ದೊರೆಯದಿದ್ದರೆ ಮೊದಲ ೩೦ ದಿನಗಳಿಗೆ ಕೂಲಿಯ ಕಾಲಂಶಕ್ಕೆ ಕಡಮೆಯಿಲ್ಲದ, ಅನಂತರದ ದಿನಗಳಿಗೆ ಅರ್ಧಾಂಶಕ್ಕೆ ಕಡಮೆಯಿಲ್ಲದ ನಿರುದ್ಯೋಗ ಭತ್ಯೆಯನ್ನು ಕೊಡತಕ್ಕದ್ದೆಂದು ವಿಧಿಸಿತು. ೨೦೨೫-೨೬ರ ಸಾಲಿಗೆ ಕರ್ನಾಟಕದಲ್ಲಿ ಗೊತ್ತುಪಡಿಸಿದ ದಿನಗೂಲಿ ೩೭೦ ರೂಪಾಯಿ. ಅದರ ಕಾಲಂಶವೆಂದರೆ ೯೨ ರೂಪಾಯಿ ೫೦ ಪೈಸೆ. ಮೊತ್ತ ಸಣ್ಣದಾದರೂ ಮೇಲಣ ಲೆಕ್ಕವನ್ನು ನೆನೆದರೆ ಅದು ನಿರರ್ಥಕವಲ್ಲ. ಆದರೆ ಈ ಭತ್ಯೆ ಕೈಸೇರಿದ ಉದಾಹರಣೆಗಳು ದೇಶದಲ್ಲೇ ವಿರಳ. ಕೂಲಿಯ ಹಣವನ್ನು ಕೇಂದ್ರವೂ ಭತ್ಯೆಯ ಹಣವನ್ನು ರಾಜ್ಯವೂ ಕೊಡಬೇಕೆಂದು ಕಾಯಿದೆ ಹೇಳಿತ್ತು. ದಿನಾಂಕವುಳ್ಳ ರಸೀದಿ ಇಲ್ಲದ ಅರ್ಜಿಗೆ ಭತ್ಯೆಯಿಲ್ಲ. ರಸೀದಿ ಕೊಟ್ಟರೆ ರಾಜ್ಯದ ಬೊಕ್ಕಸಕ್ಕೆ ಹೊರೆ. ಹೀಗಿರುವಲ್ಲಿ ರಸೀದಿಯು ಸುಲಭವಾಗಿ ಹುಟ್ಟುವುದಿಲ್ಲ.

೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯಿದೆಯ ಸ್ಥಾನದಲ್ಲಿ ಹೊಸದೊಂದನ್ನು ಅಂಗೀಕರಿಸಿತು. ಕೆಲಸದ ದಿನಗಳು ಅದರಲ್ಲಿ ೧೨೫ಕ್ಕೆ ಏರಿವೆ. ಆದರೆ ಬಿತ್ತನೆ ಕೊಯ್ಲುಗಳ ಹೊತ್ತಿನಲ್ಲಿ ವರ್ಷಕ್ಕೆ ೬೦ ದಿನಗಳವರೆಗೆ ಕೆಲಸವನ್ನು ತಡೆಹಿಡಿಯಲು ಅವಕಾಶವೂ ಇದೆ. ಬಿತ್ತನೆಯ ಕಾಲದಲ್ಲಿ ಹೊಲದೊಡೆಯರಿಗೆ ಆಳು ಸಿಗಬೇಕೆಂಬುದು ಇದರ ಆಶಯ. ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗಿ ಮಾರ್ಪಟ್ಟಿರುವ ಸೀಮೆಯಲ್ಲಿ ಮಳೆಗಾಲವು ಆಳಿಗೆ ಬೇಡಿಕೆಯ ಕಾಲವಲ್ಲ, ಬಹುಮಂದಿಗೆ ಬಿಡುವಿನ ಕಾಲ. ತಡೆಯ ದಿನಗಳನ್ನು ಗೊತ್ತುಪಡಿಸುವಾಗ ಇದನ್ನು ಲಕ್ಷಿಸದಿದ್ದರೆ ಆಟಿಯ ಕೊರತೆಗೆ ಕಾಯಿದೆಯೇ ಮುದ್ರೆಯೊತ್ತಿದಂತಾಗುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಟ್ಲ ಪೇಟೆಯು ಈಗ ಪಟ್ಟಣ ಪಂಚಾಯತಿಯ ಆಡಳಿತದಲ್ಲಿದೆ. ಗ್ರಾಮೀಣ ಉದ್ಯೋಗದ ಖಾತರಿಯು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಅನ್ವಯಿಸುವುದಿಲ್ಲ. ಪುಣಚ, ಕೇಪು, ಅಳಿಕೆ, ಇಡ್ಕಿದು, ಕನ್ಯಾನಗಳ ಕೂಲಿಕಾರನಿಗೆ ಇರುವ ಹಕ್ಕು ಪಟ್ಟಣದ ಎಲ್ಲೆಯೊಳಗಿರುವ ಅವನ ಭಾವನಿಗೆ ಇಲ್ಲ. ಇಬ್ಬರೂ ಅದೇ ತೋಟಗಳಲ್ಲಿ ದುಡಿಯುವವರು, ಅದೇ ಮಳೆಯಲ್ಲಿ ಕೆಲಸ ಕಳೆದುಕೊಳ್ಳುವವರು. ಊರು ಪಟ್ಟಣವಾದುದರಿಂದ ದೀಪ ರಸ್ತೆಗಳು ಬರಬಹುದು; ಬಡವನ ನಿರುದ್ಯೋಗವು ಪಟ್ಟಣದ ಉದ್ಯೋಗವಾಗಿ ಮಾರ್ಪಡುವುದಿಲ್ಲ. ವಿಟ್ಲದಿಂದ ಕೆಲವೇ ಮೈಲಿಗಳಾಚೆ ಕಾಸರಗೋಡು ಜಿಲ್ಲೆಯ ಗಡಿಯಿದೆ. ಕೇರಳ ರಾಜ್ಯವು ೨೦೧೦ರಲ್ಲಿ ಅಯ್ಯನ್‌ಕಾಳಿ ಹೆಸರಿನ ನಗರ ಉದ್ಯೋಗ ಖಾತರಿ ಯೋಜನೆಯನ್ನು ಆರಂಭಿಸಿ ಇಂಥ ಪೇಟೆಗಳ ಬಡವರಿಗೆ ೧೦೦ ದಿನಗಳ ಕೆಲಸವನ್ನು ಒದಗಿಸಲು ಮುಂದಾಯಿತು. ಅಲ್ಲಿಯ ಅನುಭವವು ನಮ್ಮ ಅಭ್ಯಾಸಕ್ಕೆ ಯೋಗ್ಯವಾದುದು.

ಕರ್ನಾಟಕ ಸರಕಾರದ ಯುವನಿಧಿ ಯೋಜನೆಯು ಈ ಲೇಖನದ ವಾಚಕರಲ್ಲಿ ಅನೇಕರಿಗೆ ನೇರವಾಗಿ ಸಂಬಂಧಿಸಿದುದು. ೨೦೨೩ರ ಡಿಸೆಂಬರ್ ೨೬ರಂದು ನೋಂದಣಿ ತೆರೆದು, ೨೦೨೪ರ ಜನವರಿ ೧೨ರಂದು ಶಿವಮೊಗ್ಗದಲ್ಲಿ ಮೊದಲ ಕಂತನ್ನು ಕೊಡಲಾಯಿತು. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ೩೦೦೦ ರೂಪಾಯಿ, ಡಿಪ್ಲೊಮಾ ಪಡೆದವರಿಗೆ ೧೫೦೦ ರೂಪಾಯಿ, ಗರಿಷ್ಠ ಎರಡು ವರ್ಷಗಳವರೆಗೆ: ಇದು ಯೋಜನೆ. ಅರ್ಜಿಯ ಶುಲ್ಕ, ಬಸ್ಸಿನ ಖರ್ಚು, ತರಬೇತಿ ಇವುಗಳಿಗೆ ಮನೆಯವರ ಮುಂದೆ ಕೈಯೊಡ್ಡಬೇಕಾದ ಮುಜುಗರವನ್ನು ಇದು ತಗ್ಗಿಸುತ್ತದೆಂಬುದು ನಿರ್ವಿವಾದ. ಆದರೆ ಇಲ್ಲೊಂದು ವಿಪರ್ಯಾಸವಿದೆ. ಬಂಟ್ವಾಳ ತಾಲೂಕಿನ ಎಷ್ಟೋ ಪದವಿಗಳು ಬೀಡಿಯ ಮಜೂರಿಯಿಂದ ಗಳಿಸಿದವು. ಪದವಿ ಪಡೆದ ಮಗನ ನಿರುದ್ಯೋಗವನ್ನು ರಾಜ್ಯವು ಕಂಡಿತು. ಆ ಪದವಿಗೆ ಹಣ ಕೂಡಿಸಿದ ತಾಯಿಯ ಅರೆನಿರುದ್ಯೋಗವನ್ನು ಕಾಣಲಿಲ್ಲ.

೬. ಬೀಡಿಯ ಕಗ್ಗಂಟು

ಬೀಡಿ ಕಾರ್ಮಿಕರಿಗೆ ಕಾಯಿದೆಯ ರಕ್ಷಣೆ ಇರಲೇ ಇಲ್ಲವೆಂದು ಹೇಳುವಂತಿಲ್ಲ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ನೌಕರಳೆಂದೇ ಪರಿಗಣಿಸಿತು. ಮಂಗಳೂರಿನ ಬೀಡಿ ಉದ್ಯಮಿಗಳು ಅದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ೧೯೭೬ರಲ್ಲಿ ಬೀಡಿ ಕಾರ್ಮಿಕರ ಕ್ಷೇಮನಿಧಿ ಸ್ಥಾಪಿತವಾಗಿ, ಬೀಡಿಯ ಮೇಲಣ ಉಪಕರದ ಹಣದಿಂದ ಚಿಕಿತ್ಸಾಲಯಗಳೂ ಮಕ್ಕಳ ವಿದ್ಯಾರ್ಥಿವೇತನಗಳೂ ನಡೆದವು. ೧೯೭೭ರಲ್ಲಿ ಭವಿಷ್ಯನಿಧಿಯ ಸೌಲಭ್ಯವೂ ಬಂತು. ಇವೆಲ್ಲ ಕಾಯಿಲೆಗೆ, ವಿದ್ಯೆಗೆ, ಮುಪ್ಪಿಗೆ ಸಂಬಂಧಿಸಿದವು. ಎಲೆ ಇಲ್ಲದ ದಿನಕ್ಕೆ ಸಂಬಂಧಿಸಿದುದು ಇವುಗಳಲ್ಲಿ ಯಾವುದೂ ಇಲ್ಲ. ೨೦೧೭ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಉಪಕರವೂ ರದ್ದಾಯಿತು; ಕ್ಷೇಮನಿಧಿಯು ತನ್ನ ಸ್ವಂತ ಊಟೆಯನ್ನು ಕಳೆದುಕೊಂಡು ಆಯವ್ಯಯದ ಅನುದಾನವನ್ನು ಅವಲಂಬಿಸಬೇಕಾಯಿತು.

ಮತ್ತೊಂದು ಕಡೆ ಹೊಗೆಸೊಪ್ಪಿನ ನಿಯಂತ್ರಣ. ೨೦೦೩ರ ಕಾಯಿದೆ, ೨೦೧೬ರ ಏಪ್ರಿಲಿನಿಂದ ಪೊಟ್ಟಣದ ಶೇಕಡ ೮೫ ಭಾಗದ ಮೇಲೆ ಎಚ್ಚರಿಕೆಯ ಚಿತ್ರ, ತೆರಿಗೆಯ ಏರಿಕೆ, ಇವೆಲ್ಲ ಸೇದುವವನ ಪ್ರಾಣವನ್ನು ಉಳಿಸುವುದಕ್ಕಾಗಿ ಬಂದವು. ಅವುಗಳ ಆವಶ್ಯಕತೆಯನ್ನು ನಾವು ಲೇಶವೂ ಸಂದೇಹಿಸುವುದಿಲ್ಲ. ಕಟ್ಟುವವಳ ಶ್ವಾಸಕೋಶಕ್ಕೂ ಬೆನ್ನಿಗೂ ಈ ಕೆಲಸವು ಹಿತಕರವಲ್ಲ. ಆದುದರಿಂದ ಬೀಡಿಯು ಕಡಮೆಯಾಗುವುದು ಒಳ್ಳೆಯದೇ. ಆದರೆ ಆ ಒಳ್ಳೆಯದರ ಬೆಲೆಯನ್ನು ಯಾರು ತೆರಬೇಕು? ಸೇದುವವನ ಆರೋಗ್ಯವು ಇಡೀ ಸಮಾಜದ ಲಾಭ. ಕಟ್ಟುವವಳು ಕಳೆದುಕೊಂಡ ಮೂರು ದಿನದ ಮಜೂರಿ ಅವಳೊಬ್ಬಳ ನಷ್ಟ. ಒಬ್ಬರ ಆರೋಗ್ಯವನ್ನು ಇನ್ನೊಬ್ಬರ ಆಹಾರದಿಂದ ಕೊಂಡಂತೆ ಇದು. ಭಾರತವು ೨೦೦೪ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ೧೭ನೆಯ ವಿಧಿಯು ತಂಬಾಕಿನ ಕೆಲಸಗಾರರಿಗೆ ಬದಲಿ ಜೀವನೋಪಾಯವನ್ನು ಒದಗಿಸಲು ನೆರವಾಗಬೇಕೆಂದು ಹೇಳುತ್ತದೆ. ಎಚ್ಚರಿಕೆಯ ಚಿತ್ರದ ವಿಧಿಯು ನಮ್ಮಲ್ಲಿ ಬಲವಾಗಿ ಜಾರಿಯಾಯಿತು. ಈ ವಿಧಿಗೆ ಅಂಥ ಬಲ ಬರಲಿಲ್ಲ.

ಗೃಹಲಕ್ಷ್ಮಿ ಯೋಜನೆಯ ಮೂಲಕ ೨೦೨೩ರ ಆಗಸ್ಟಿನಿಂದ ಮನೆಯ ಯಜಮಾನಿಗೆ ತಿಂಗಳಿಗೆ ೨೦೦೦ ರೂಪಾಯಿ ದೊರೆಯತೊಡಗಿದ್ದು ಇಂಥ ಮನೆಗಳಿಗೆ ಆಧಾರವಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ಅದು ನಿರುದ್ಯೋಗ ಭತ್ಯೆಯಲ್ಲ. ಕೆಲಸವಿದ್ದ ತಿಂಗಳಲ್ಲೂ ಇಲ್ಲದ ತಿಂಗಳಲ್ಲೂ ಅದು ಒಂದೇ ಸಮ. ನೆಲವನ್ನು ಅದು ಸ್ವಲ್ಪ ಎತ್ತರಿಸುತ್ತದ��; ಬೀಳುವವರನ್ನು ಹಿಡಿಯುವ ಕೈ ಅದಲ್ಲ.

೭. ಆಕ್ಷೇಪಣೆಗಳೂ ಉಪಸಂಹಾರವೂ

ಭತ್ಯೆಯ ವಿರುದ್ಧ ಎರಡು ಆಕ್ಷೇಪಣೆಗಳನ್ನು ಪರಿಗಣಿಸಬೇಕು. ದುಡಿಯದೆ ಹಣ ಬಂದರೆ ದುಡಿಯುವ ಇಚ್ಛೆ ಕುಂದುವುದೆಂಬುದು ಮೊದಲನೆಯದು. ಉದಾರವಾದ ಭತ್ಯೆಯಿರುವ ದೇಶಗಳಲ್ಲಿ ಜನರು ಹೊಸ ಕೆಲಸಕ್ಕೆ ಸೇರುವ ಮುನ್ನ ಸ್ವಲ್ಪ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆಂಬುದು ನಿಜ. ಆದರೆ ಕೂಲಿಯ ಕಾಲಂಶಕ್ಕಾಗಿ ಪೂರ್ಣ ಕೂಲಿಯನ್ನು ಬಿಡುವವರು ವಿರಳ. ಕೈಗೆ ಸಿಕ್ಕ ಯಾವುದೋ ಅಪಾಯದ ಕೆಲಸಕ್ಕೆ ಆತುರದಿಂದ ಬೀಳದೆ ತಕ್ಕ ಕೆಲಸಕ್ಕಾಗಿ ಕಾದರೆ ಅದು ವ್ಯರ್ಥವಾದ ಕಾಲವೂ ಅಲ್ಲ. ಅಸಂಘಟಿತ ಕೆಲಸದಲ್ಲಿ ಯಾರಿಗೆ ಕೆಲಸವಿಲ್ಲವೆಂದು ತಿಳಿಯುವುದು ಹೇಗೆಂಬುದು ಎರಡನೆಯದು. ಈ ಆಕ್ಷೇಪಣೆಯು ಹೆಚ್ಚು ಬಲವುಳ್ಳದ್ದು. ತೋಟದ ಕೂಲಿಯ ವಿಷಯದಲ್ಲಿ ಅದಕ್ಕೆ ಸುಲಭವಾದ ಉತ್ತರವಿಲ್ಲ. ಅಲ್ಲಿ ಕೆಲಸವನ್ನೇ ಒದಗಿಸುವ ಖಾತರಿಯು ಭತ್ಯೆಗಿಂತ ಮೇಲು. ಆದರೆ ಬೀಡಿಯ ವಿಷಯದಲ್ಲಿ ಉತ್ತರವು ಬ್ರಾಂಚಿನ ಪುಸ್ತಕದಲ್ಲೇ ಇದೆ. ಯಾರಿಗೆ ಯಾವ ದಿನ ಎಷ್ಟು ಎಲೆ ಕೊಟ್ಟರು, ಎಷ್ಟು ಸಾವಿರ ಬೀಡಿ ಬಂತು, ಭವಿಷ್ಯನಿಧಿಗೆ ಎಷ್ಟು ಹೋಯಿತು ಎಂಬುದೆಲ್ಲ ಬರೆದಿರುತ್ತದೆ. ನಿರುದ್ಯೋಗವನ್ನು ದಿನಗಳ ಲೆಕ್ಕದಲ್ಲಿ ಅಳೆಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಇಷ್ಟು ವಿವೇಚನೆಯಿಂದ ನಮಗೆ ತೋರುವ ನಿರ್ಣಯಗಳು ಮೂರು. ಮೊದಲನೆಯದಾಗಿ, ಭತ್ಯೆಯು ಕೆಲಸದಿಂದ ತೆಗೆದ ಕಾಗದವನ್ನು ಕೇಳದೆ ಕೆಲಸವಿಲ್ಲದ ದಿನಗಳನ್ನು ಎಣಿಸತಕ್ಕದ್ದು. ಎರಡನೆಯದಾಗಿ, ಅದು ಹೊತ್ತಿಗೆ ಬರತಕ್ಕದ್ದು. ಆಟಿಯ ಭತ್ಯೆಯು ದೀಪಾವಳಿಗೆ ಬಂದರೆ ಸಾಲ ತೀರಿಸಲು ಸಹಾಯವಾದೀತು, ಮಗುವಿನ ಬುತ್ತಿಯನ್ನು ತುಂಬಲಾರದು. ಮೂರನೆಯದಾಗಿ, ರಾಜ್ಯ ವಿಮಾ ಯೋಜನೆಯಲ್ಲಿ ಇರುವಂತೆ ಅದು ಚಿಕಿತ್ಸೆಯೊಂದಿಗೆ ಕೂಡಿರತಕ್ಕದ್ದು. ಸಂಪಾದನೆ ನಿಂತ ದಿನಗಳಲ್ಲೇ ಔಷಧಿಯೂ ನಿಲ್ಲುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಕೊಟ್ಟರೆ ಫಲವು ಅರ್ಧವಾಗುತ್ತದೆ.

ಈ ಪ್ರಶ್ನೆಯನ್ನು ಪರಿಹರಿಸಬೇಕಾದವರು ಆಡಳಿತಗಾರರು. ಆದರೆ ಅದನ್ನು ಅಳೆದು ತೋರಿಸಬೇಕಾದವರು ನಾವು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬೀಡಿಯ ಜಗಲಿಯಲ್ಲಿ ಕುಳಿತೇ ಮೊದಲ ಅಕ್ಷರಗಳನ್ನು ಓದಿದವರು ಅನೇಕರಿದ್ದಾರೆ. ಒಂದು ವರ್ಷದ ಪ್ರತಿಯೊಂದು ವಾರವೂ ಮನೆಗೆ ಎಷ್ಟು ದಿನದ ಎಲೆ ಬಂತು, ಆ ವಾರ ಯಾವ ಔಷಧಿ ತಪ್ಪಿತು, ಯಾವ ಆಸ್ಪತ್ರೆಯ ಭೇಟಿ ಮುಂದೆ ಹೋಯಿತು ಎಂದು ಹತ್ತಿಪ್ಪತ್ತು ಮನೆಗಳಲ್ಲಿ ಬರೆದಿಟ್ಟರೂ ಮಾರಿಯೆಂತಾಲಿನ ಬುತ್ತಿಯ ಲೆಕ್ಕದಂತೆ ಅದು ಬೆಲೆಯುಳ್ಳ ದಾಖಲೆಯಾಗುತ್ತದೆ. ಆಟಿ ಕಳೆಂಜನು ಮಾರಿಯನ್ನು ಕಳೆಯಲು ಮನೆಮನೆಗೆ ಹೋಗುತ್ತಾನೆ. ಬಡತನದ ಲೆಕ್ಕವನ್ನು ಬರೆಯುವವರೂ ಹಾಗೆಯೇ ಮನೆಮನೆಗೆ ಹೋಗಬೇಕಾಗುತ್ತದೆ.